ಉಣ್ಣಲೊಲ್ಲದ ಮಗುವೂ ಅನ್ನದ ಗೌರವವೂ

ಅನ್ನವನ್ನು ದೇವರೆಂದು ಕಾಣುವ ಸಮಾಜದಲ್ಲಿ ಉಣ್ಣಲೊಲ್ಲದ ಮಗು ಒಂದು ಧರ್ಮಸೂಕ್ಷ್ಮವನ್ನು ಎದುರಿಗಿಡುತ್ತದೆ. ಬಾಯಿಗಿಟ್ಟ ತುತ್ತನ್ನು ಉಗಿಯುವ, ಹೊಸ ಪಲ್ಯ ಕಂಡರೆ ಮುಖ ತಿರುಗಿಸುವ, ಮೊಸರನ್ನ ಬಿಟ್ಟು ಬೇರೇನನ್ನೂ ಮುಟ್ಟದ ಮಗುವಿನ ಮುಂದೆ ಕುಳಿತ ಹೆತ್ತವರಿಗೆ ಮೂರು ಪ್ರಶ್ನೆಗಳು ಏಳುತ್ತವೆ. ಈ ನಿರಾಕರಣೆ ಅನ್ನಕ್ಕೆ ಮಾಡಿದ ಅಪಚಾರವೇ? ಮಗುವಿನ ಒಳಿತಿಗೆಂದು ಬಲವಂತವಾಗಿ ಉಣಿಸುವುದು ಧರ್ಮವೇ? ಬೇಡವೆಂದದ್ದನ್ನೇ ಇಷ್ಟಪಡುವಂತೆ ಇನ್ನೊಂದು ಜೀವವನ್ನು ಒಲಿಸಲು ಸಾಧ್ಯವೇ? ಮೊದಲನೆಯದು ಹೊಣೆಯ ಪ್ರಶ್ನೆ, ಎರಡನೆಯದು ಅಧಿಕಾರದ ಪ್ರಶ್ನೆ, ಮೂರನೆಯದು ಆನಂದದ ಸ್ವರೂಪದ ಪ್ರಶ್ನೆ. ಹಳೆಯ ಶಾಸ್ತ್ರಗ್ರಂಥಗಳನ್ನೂ ಕಳೆದ ನೂರು ವರ್ಷಗಳಲ್ಲಿ ಮಕ್ಕಳ ಊಟದ ಬಗ್ಗೆ ನಡೆದ ಅಧ್ಯಯನಗಳನ್ನೂ ಜೊತೆಗಿಟ್ಟು ನೋಡಿದರೆ ಮೂರಕ್ಕೂ ಒಂದೇ ನೆಲೆಯ ಉತ್ತರ ಸಿಗುತ್ತದೆ: ಬಡಿಸುವುದು ಹಿರಿಯರ ಧರ್ಮ, ಉಣ್ಣುವುದು ಮಗುವಿನ ಇಚ್ಛೆ, ಇವೆರಡೂ ತಮ್ಮ ತಮ್ಮ ಎಲ್ಲೆಯೊಳಗೆ ಇದ್ದಾಗ ರುಚಿ ತಾನಾಗಿ ಹುಟ್ಟುತ್ತದೆ.

ನಿರಾಕರಣೆಯ ಮೂಲ

ಮನುಷ್ಯನ ನಾಲಗೆ ಹುಟ್ಟುವಾಗಲೇ ಸಿಹಿಗೆ ಒಲಿದಿರುತ್ತದೆ, ಕಹಿಗೆ ಹಿಂಜರಿಯುತ್ತದೆ. ತಾಯಿಯ ಹಾಲು ಸಿಹಿ. ಗಿಡಮರಗಳಲ್ಲಿರುವ ಎಷ್ಟೋ ವಿಷಗಳು ಕಹಿ. ಹಾಗಲಕಾಯಿಗೂ ಮೆಂತ್ಯದ ಸೊಪ್ಪಿಗೂ ಮಗು ಮುಖ ಕಿವುಚುವುದರ ಹಿಂದೆ ಈ ರಕ್ಷಣೆಯ ಏರ್ಪಾಡಿದೆ. ಮಗು ನಡೆದಾಡಲು ಕಲಿತು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳಬಲ್ಲ ಎರಡು ವರ್ಷದ ಸುಮಾರಿಗೆ ಹೊಸ ಆಹಾರದ ಅಂಜಿಕೆ ಬಲವಾಗಿ, ಐದಾರು ವರ್ಷದ ನಂತರ ಮೆಲ್ಲಗೆ ಇಳಿಯುತ್ತದೆ. ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ 1976ರಲ್ಲಿ ಇದರ ಮೂಲವನ್ನು ವಿವರಿಸಿದರು. ಎಲ್ಲವನ್ನೂ ತಿನ್ನಬಲ್ಲ ಪ್ರಾಣಿಗೆ ಹೊಸದನ್ನು ತಿಂದು ನೋಡದೆ ಬದುಕಿಲ್ಲ. ತಿಂದ ಹೊಸದು ಜೀವ ತೆಗೆಯಲೂಬಹುದು. ಈ ಇಕ್ಕಟ್ಟು ಮನುಷ್ಯ ಕುಲದೊಂದಿಗೇ ಬಂದದ್ದು. ಹೀಗಿರುವಾಗ ಎರಡು ವರ್ಷದ ಮಗು ಹೊಸ ತಿನಿಸಿಗೆ ಒಲ್ಲೆನೆಂದರೆ ಅದು ಹಟವೆನ್ನುವುದಕ್ಕಿಂತ ಎಚ್ಚರವೆನ್ನುವುದೇ ಸರಿ.

ಕೆಲವು ಮಕ್ಕಳಲ್ಲಿ ತೊಂದರೆ ಇದಕ್ಕಿಂತ ಆಳವಾಗಿರುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ವಾಸನೆ, ಬಣ್ಣ, ಮೆದು, ಗಟ್ಟಿ, ಲೋಳೆ ಇವೆಲ್ಲ ಬೇರೆಯವರಿಗೆ ಅನಿಸುವುದಕ್ಕಿಂತ ಹೆಚ್ಚು ತೀವ್ರವಾಗಿ ಅನಿಸುತ್ತವೆ. ಬೆಂಡೆಕಾಯಿಯ ಲೋಳೆ ಅವರಿಗೆ ನಿಜವಾಗಿಯೂ ಅಸಹನೀಯವಾಗಿರಬಹುದು. ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳಿಗೆ ಅಗಿಯುವ, ನುಂಗುವ ಸ್ನಾಯುಗಳು ಸುಲಭವಾಗಿ ಹಿಡಿತಕ್ಕೆ ಬರುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿ, ತಿಂಗಳುಗಟ್ಟಲೆ ಮೂಗಿನ ನಳಿಕೆಯಿಂದ ಹಾಲು ಪಡೆದ ಮಗುವಿಗೆ ಬಾಯಿಯ ಹತ್ತಿರ ಬರುವ ಏನೇ ಆದರೂ ನೋವಿನ ನೆನಪಾಗಬಹುದು. ಹೊಟ್ಟೆಯ ಆಮ್ಲ ಮೇಲಕ್ಕೆ ಉಕ್ಕುವುದು, ಮಲಬದ್ಧತೆ, ಕಬ್ಬಿಣದ ಅಂಶದ ಕೊರತೆ, ಒಮ್ಮೆ ತುತ್ತು ಗಂಟಲಲ್ಲಿ ಸಿಕ್ಕಿಕೊಂಡ ಭಯ, ಇವೆಲ್ಲ ಹಸಿವನ್ನೇ ಅಡಗಿಸುತ್ತವೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯಲ್ಲಿ, ಬೆಳವಣಿಗೆಗೇ ಕುತ್ತಾಗುವಷ್ಟು ಆಹಾರವನ್ನು ದೂರವಿಡುವ ಸ್ಥಿತಿಗೆ ಆರ್ಫಿಡ್ ಎಂಬ ಪ್ರತ್ಯೇಕ ಹೆಸರು ಕೊಡಲಾಯಿತು. ತೂಕ ಇಳಿಸುವ ಚಿಂತೆಯಾಗಲಿ ಮೈಕಟ್ಟಿನ ಚಿಂತೆಯಾಗಲಿ ಇದರ ಕಾರಣವಲ್ಲ.

ತಪ್ಪು ಹೊರಿಸಬೇಕಾದರೆ ಅರಿವೂ ಆಯ್ಕೆಯೂ ಇರಬೇಕು; ಇಲ್ಲಿ ಎರಡೂ ಇಲ್ಲ. ಧರ್ಮಶಾಸ್ತ್ರದ ಪ್ರಾಚೀನ ಗ್ರಂಥಗಳಲ್ಲೊಂದಾದ ಗೌತಮ ಧರ್ಮಸೂತ್ರ ಈ ಮಾತನ್ನು ಸ್ಪಷ್ಟವಾಗಿ ಒಪ್ಪುತ್ತದೆ. ಉಪನಯನಕ್ಕೆ ಮೊದಲು ಮಗುವಿನ ನಡೆ, ನುಡಿ, ಊಟ ಮೂರಕ್ಕೂ ಕಟ್ಟುಪಾಡಿಲ್ಲವೆಂಬುದು ಅದರ ನಿಲುವು. ಎಂಜಲು, ಮೈಲಿಗೆಗಳ ವಿಚಾರದಲ್ಲಿ ಅತ್ಯಂತ ಕಟ್ಟುನಿಟ್ಟಾದ ಪರಂಪರೆಯೇ ಮಗುವನ್ನು ಆ ನಿಯಮಗಳಿಂದ ಹೊರಗಿಟ್ಟಿರುವಾಗ, ಉಗಿದ ತುತ್ತಿಗೆ ಪಾಪದ ಲೆಕ್ಕ ಬರೆಯುವುದಕ್ಕೆ ಆಧಾರವಿಲ್ಲ.

ಅನ್ನದ ಗೌರವ ಎಂದರೇನು

ಹಾಗಾದರೆ ಅನ್ನದ ಗೌರವದ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಅನ್ನದ ಕುರಿತ ವ್ರತಗಳಿವೆ: ಅನ್ನವನ್ನು ನಿಂದಿಸಬಾರದು, ತಳ್ಳಿಹಾಕಬಾರದು, ಹೆಚ್ಚಿಸಬೇಕು, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದು. ಈ ವ್ರತಗಳು ತಿಳಿದವನಿಗೆ, ಅಂದರೆ ಅನ್ನದ ತತ್ತ್ವವನ್ನು ಅರಿತ ಪ್ರೌಢನಿಗೆ ಹೇಳಿದವು. ಅವುಗಳ ಭಾರ ಬೆಳೆಯುವವನ, ಬೇಯಿಸುವವನ, ಬಡಿಸುವವನ ಮೇಲಿದೆ. ತುತ್ತು ಒಲ್ಲದ ಶಿಶುವಿನ ಮೇಲೆ ಅದನ್ನು ಹೇರುವುದು ವ್ರತದ ಉದ್ದೇಶವನ್ನೇ ತಿರುಚಿದಂತೆ.

ನಿಂದಿಸದಿರುವುದೂ ತಿನ್ನದಿರುವುದೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಇಸ್ಲಾಮಿನ ಹದೀಸ್ ಸಂಗ್ರಹಗಳಲ್ಲಿ ಅತ್ಯಂತ ತಿಳಿಯಾದ ನಿದರ್ಶನ ಸಿಗುತ್ತದೆ. ಪ್ರವಾದಿ ಮುಹಮ್ಮದರು ಯಾವ ಆಹಾರವನ್ನೂ ಹಳಿಯುತ್ತಿರಲಿಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಬಿಡುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳೆರಡೂ ದಾಖಲಿಸುತ್ತವೆ. ಒಮ್ಮೆ ಮರುಭೂಮಿಯ ಉಡದಂಥ ಪ್ರಾಣಿಯ ಮಾಂಸವನ್ನು ಬಡಿಸಿದಾಗ ಅವರು ಕೈ ಹಿಂದಕ್ಕೆ ತೆಗೆದರು. ಅದು ನಿಷಿದ್ಧವೇ ಎಂದು ಕೇಳಿದ್ದಕ್ಕೆ, ನಿಷಿದ್ಧವಲ್ಲ, ತಮ್ಮ ಜನರ ನಾಡಿನಲ್ಲಿ ಅದು ಇಲ್ಲದ್ದರಿಂದ ಮನಸ್ಸು ಒಪ್ಪುತ್ತಿಲ್ಲ ಎಂದರು. ಜೊತೆಗಿದ್ದ ಖಾಲಿದ್ ಇಬ್ನ್ ವಲೀದ್ ಅದೇ ಮಾಂಸವನ್ನು ಅವರ ಎದುರಿನಲ್ಲೇ ತಿಂದರು, ಅದಕ್ಕೆ ಅಡ್ಡಿಯಾಗಲಿಲ್ಲ. ಆಹಾರದ ಯೋಗ್ಯತೆ ಬೇರೆ, ತಿನ್ನುವವನ ರೂಢಿ ಬೇರೆ ಎಂಬ ವಿವೇಕ ಈ ಪ್ರಸಂಗದಲ್ಲಿದೆ. ಹೊಸ ತಿನಿಸಿಗೆ ಹಿಂಜರಿಯುವ ಮಗು ಹೇಳಲು ಮಾತು ಬಾರದೆ ಮುಖ ತಿರುಗಿಸಿ ಹೇಳುವುದೂ ಇದನ್ನೇ.

ಆಯುರ್ವೇದವೂ ಈ ಭೇದವನ್ನು ಗುರುತಿಸುತ್ತದೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಆಹಾರದ ಫಲವನ್ನು ನಿರ್ಧರಿಸುವ ಎಂಟು ಅಂಶಗಳನ್ನು ಎಣಿಸಲಾಗಿದೆ: ಪದಾರ್ಥದ ಸ್ವಭಾವ, ಸಂಸ್ಕಾರ, ಸಂಯೋಗ, ಪ್ರಮಾಣ, ದೇಶ, ಕಾಲ, ಉಣ್ಣುವ ನಿಯಮ, ಕೊನೆಯದಾಗಿ ಉಣ್ಣುವವನು. ಯಾವ ಆಹಾರ ಯಾರಿಗೆ ಒಗ್ಗುತ್ತದೆಂಬುದು ಆ ಎಂಟನೆಯ ಅಂಶಕ್ಕೆ ಸೇರಿದ್ದು. ಉಣ್ಣುವವನನ್ನು ಲೆಕ್ಕದಿಂದ ಬಿಟ್ಟು ಪದಾರ್ಥದ ಗುಣವನ್ನಷ್ಟೇ ಹೊಗಳಿದರೆ ಆಹಾರಶಾಸ್ತ್ರ ಪೂರ್ತಿಯಾಗುವುದಿಲ್ಲ.

ಬಲವಂತದ ತೂಕ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಕನ್ನಡಿಗರ ಬಾಯಲ್ಲಿದೆ. ಆದರೆ ಒತ್ತಾಯ ಮಾಡಿ ಬಡಿಸುವುದನ್ನು ಪ್ರೀತಿಯ ಗುರುತೆಂದು ಕಾಣುವುದೂ ಇದೇ ನೆಲದ ರೂಢಿ. ಅತಿಥಿಗೆ ಒಲ್ಲೆ ಎನ್ನುವ ಬಾಯಿದೆ, ಎಲೆಯ ಮೇಲೆ ಅಡ್ಡ ಹಿಡಿಯುವ ಕೈಯಿದೆ. ಮಗುವಿಗೆ ಇರುವುದು ಮುಚ್ಚಿದ ತುಟಿಗಳು ಮಾತ್ರ. ಅವನ್ನೂ ಚಮಚದಿಂದ ಬಿಡಿಸಿದರೆ, ತನ್ನ ದೇಹದ ಮೇಲೆ ತನಗಿರುವ ಮೊದಲ ಅಧಿಕಾರವನ್ನು ಮಗು ಕಳೆದುಕೊಳ್ಳುತ್ತದೆ. ಬಲವಂತ ಸೂಕ್ಷ್ಮ ರೂಪಗಳಲ್ಲೂ ಬರುತ್ತದೆ: ಗುಮ್ಮನ ಹೆದರಿಕೆ, ಅನ್ನ ಬಿಟ್ಟರೆ ದೇವರು ಶಿಕ್ಷಿಸುತ್ತಾನೆಂಬ ಮಾತು, ಪಲ್ಯ ಮುಗಿಸಿದರೆ ಪಾಯಸವೆಂಬ ಚೌಕಾಸಿ, ಅಕ್ಕಪಕ್ಕದ ಮಕ್ಕಳೊಂದಿಗೆ ಹೋಲಿಕೆ, ಮೊಬೈಲಿನ ಚಿತ್ರ ತೋರಿಸುತ್ತ ಅರಿವಿಲ್ಲದಂತೆ ತುರುಕುವ ತುತ್ತು.

ಇವು ಫಲ ಕೊಡುವುದಿಲ್ಲವೆಂಬುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಲಿಯಾನ್ ಬರ್ಚ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಕೆಫಿರ್ ಎಂಬ ಹುಳಿ ಹಾಲಿನ ಪಾನೀಯವನ್ನು ಕುಡಿದರೆ ಬಹುಮಾನ ಅಥವಾ ಹೊಗಳಿಕೆ ಸಿಗುತ್ತಿತ್ತು. ಆ ಹೊತ್ತಿಗೆ ಮಕ್ಕಳು ಕುಡಿದರು. ಕೊನೆಗೆ ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಗಿತ್ತು. 2006ರಲ್ಲಿ ಏಮಿ ಗ್ಯಾಲೋವೇ ಮತ್ತು ಸಂಗಡಿಗರು ಸೂಪಿನೊಂದಿಗೆ ನಡೆಸಿದ ಅಧ್ಯಯನದಲ್ಲಿ, ಮುಗಿಸು ಮುಗಿಸು ಎಂದು ಒತ್ತಾಯಿಸಿದಾಗ ಮಕ್ಕಳು ಕಡಿಮೆ ಕುಡಿದು ಹೆಚ್ಚು ಗೊಣಗಿದರು; ಒತ್ತಾಯವಿಲ್ಲದಾಗ ಹೆಚ್ಚು ಕುಡಿದರು. ತಿಂದದ್ದಕ್ಕೆ ಕೂಲಿ ಕೊಟ್ಟರೆ ಅದು ತಿನ್ನಲು ಯೋಗ್ಯವಲ್ಲದ್ದೆಂದು ಮಗು ತಿಳಿಯುತ್ತದೆ; ಕೂಲಿಯಾಗಿ ಬಂದ ಪಾಯಸದ ಬೆಲೆ ಮಾತ್ರ ಏರುತ್ತದೆ. ಬಲವಂತದ ಮಾಘಸ್ನಾನದಿಂದ ಪುಣ್ಯ ಬರದು ಎನ್ನುವವರ ಅನುಭವವೂ ಇದೇ.

ಚರಕ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಿತವಾದ ಆಹಾರವನ್ನು ಹಿತಮಿತವಾಗಿಯೇ ತಿಂದರೂ ಚಿಂತೆ, ಶೋಕ, ಭಯ, ಕ್ರೋಧಗಳಿಂದ ಕೂಡಿದ್ದರೆ ಅದು ಚೆನ್ನಾಗಿ ಜೀರ್ಣವಾಗದು ಎಂದು ಅದು ಎಚ್ಚರಿಸುತ್ತದೆ. ಮನಸ್ಸಿಗೆ ಹಿತವಾದ ಜಾಗದಲ್ಲಿ, ಊಟದ ಮೇಲೆ ಗಮನವಿಟ್ಟು ಉಣ್ಣಬೇಕೆಂಬುದೂ ಅದರದೇ ವಿಧಿ. ಅಳುತ್ತ ನುಂಗಿದ ಪೌಷ್ಟಿಕ ತುತ್ತಾಗಲಿ, ಪರದೆ ನೋಡುತ್ತ ಅರಿವಿಲ್ಲದೆ ನುಂಗಿದ ತುತ್ತಾಗಲಿ ಈ ವಿಧಿಗೆ ಹೊಂದುವುದಿಲ್ಲ.

ಇದಕ್ಕೆ ಒಂದು ಅಪವಾದವನ್ನು ಒಪ್ಪಬೇಕು. ಮಗು ತನ್ನ ಜೀವಕ್ಕೆ ಸಾಲುವಷ್ಟು ಉಣ್ಣಲಾಗದಿದ್ದರೆ, ನುಂಗಿದ್ದು ಶ್ವಾಸನಾಳಕ್ಕೆ ಹೋಗುತ್ತಿದ್ದರೆ, ನಳಿಕೆಯ ಮೂಲಕ ಆಹಾರ ಕೊಡುವುದು ವೈದ್ಯರ ಕರ್ತವ್ಯ. ಅಲ್ಲಿ ಮಗುವಿನ ಪರವಾಗಿ ಹಿರಿಯರು ನಿರ್ಧರಿಸುತ್ತಾರೆ. ಆದರೆ ಅದು ಜೀವ ಉಳಿಸುವ ಚಿಕಿತ್ಸೆ. ರುಚಿ ಕಲಿಸುವ ದಾರಿಯೆಂದು ಅದನ್ನು ಎಣಿಸುವಂತಿಲ್ಲ.

ರುಚಿಯನ್ನು ಕಲಿಸಬಹುದೇ

ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರ ತಮ್ಮ ನೀತಿಗ್ರಂಥದಲ್ಲಿ, ಸಹಜ ಒಲವಿನ ರೂಪದ ಪ್ರೀತಿಯನ್ನು ಯಾರೂ ಆಜ್ಞಾಪಿಸಲಾಗದು, ಕರ್ತವ್ಯದ ರೂಪದ ಪ್ರೀತಿಯನ್ನು ಮಾತ್ರ ಆಜ್ಞಾಪಿಸಬಹುದು ಎಂದು ವಾದಿಸಿದರು. ತಟ್ಟೆಯ ವಿಚಾರದಲ್ಲೂ ಇದು ನಿಜ. ಬಾಯಿ ತೆರೆ ಎಂದು ಹೇಳಬಹುದು, ಇಷ್ಟಪಡು ಎಂದು ಹೇಳಲಾಗದು. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಅರಿಸ್ಟಾಟಲ್ ಇನ್ನೊಂದು ಬದಿಯನ್ನು ತೋರಿಸಿದ್ದರು. ತಕ್ಕದ್ದರಲ್ಲಿ ಸುಖ ಕಾಣುವಂತೆ ಚಿಕ್ಕಂದಿನಿಂದ ಬೆಳೆಸುವುದೇ ಸರಿಯಾದ ಶಿಕ್ಷಣ. ಅದು ರೂಢಿಯಿಂದ ಬರುತ್ತದೆ. ಎರಡೂ ಮಾತುಗಳನ್ನು ಕೂಡಿಸಿದರೆ, ಇಷ್ಟವನ್ನು ವಿಧಿಸಲಾಗದಿದ್ದರೂ ಅದು ಹುಟ್ಟುವ ನೆಲವನ್ನು ಹದ ಮಾಡಬಹುದು ಎಂದಾಗುತ್ತದೆ.

ಹದ ಮಾಡುವ ಕೆಲಸ ಗರ್ಭದಲ್ಲೇ ಶುರುವಾಗುತ್ತದೆ. 2001ರಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬಸಿರಿನಲ್ಲಿ ಅಥವಾ ಹಾಲುಣಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು ಮುಂದೆ ಕ್ಯಾರೆಟ್ ರುಚಿಯ ಗಂಜಿಗೆ ಮುಖ ಕಿವುಚಿದ್ದು ಕಡಿಮೆ. ಆರನೆಯ ತಿಂಗಳಿನಲ್ಲಿ ಅನ್ನಪ್ರಾಶನ ಮಾಡಬೇಕೆಂದು ಮನುಸ್ಮೃತಿ ಹೇಳುತ್ತದೆ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೆದು ಆಹಾರ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅನ್ನಪ್ರಾಶನದ ದಿನ ಮಗುವಿನ ತುಟಿಗೆ ಮುಟ್ಟಿಸುವುದು ಒಂದಿಷ್ಟೇ ಪಾಯಸ. ಎಷ್ಟು ತಿಂದಿತೆಂದು ಯಾರೂ ಅಳೆಯುವುದಿಲ್ಲ, ಸೋಕಿದ್ದೇ ಹಬ್ಬವಾಗುತ್ತದೆ. ಹೊಸ ರುಚಿಯನ್ನು ಪರಿಚಯಿಸುವ ಸರಿಯಾದ ಕ್ರಮ ಈ ಸಂಸ್ಕಾರದಲ್ಲೇ ಇದೆ.

ರೂಢಿಯ ಬಲಕ್ಕೆ ಒಣಮೆಣಸಿನಕಾಯಿಗಿಂತ ದೊಡ್ಡ ಸಾಕ್ಷಿಯಿಲ್ಲ. ಹುಟ್ಟಿನಿಂದ ಯಾರಿಗೂ ಖಾರ ಇಷ್ಟವಿಲ್ಲ. ಮೆಕ್ಸಿಕೋದ ಒಂದು ಹಳ್ಳಿಯಲ್ಲಿ ಮಕ್ಕಳು ಖಾರಕ್ಕೆ ಹೇಗೆ ಒಲಿಯುತ್ತಾರೆಂದು ರೋಜಿನ್ ಮತ್ತು ಡೆಬೊರಾ ಷಿಲ್ಲರ್ ಅಧ್ಯಯನ ಮಾಡಿ 1980ರಲ್ಲಿ ಬರೆದರು. ಅಲ್ಲಿ ಮಕ್ಕಳಿಗೆ ಒತ್ತಾಯವೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಹಿರಿಯರೂ ಅಣ್ಣ ಅಕ್ಕಂದಿರೂ ಸವಿದು ತಿನ್ನುವುದನ್ನು ದಿನವೂ ನೋಡುತ್ತ, ಮೊದಲು ತುಸುವೇ ಖಾರ ತಿನ್ನುತ್ತ, ಐದಾರು ವರ್ಷದ ಹೊತ್ತಿಗೆ ಮಕ್ಕಳು ತಾವಾಗಿಯೇ ಅದನ್ನು ಬಯಸುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿಯ ನಾಡಿನ ಮಕ್ಕಳ ನಾಲಗೆ ಸಾರಿನ ಖಾರಕ್ಕೆ ಪಳಗುವುದೂ ಹೀಗೆಯೇ. ಯುಗಾದಿಯ ಬೇವು ಬೆಲ್ಲದಲ್ಲಿಯೂ ಈ ಕ್ರಮವಿದೆ. ಹುಟ್ಟಿನಿಂದ ಒಲ್ಲದ ಕಹಿಯನ್ನು ಚಿಟಿಕೆಯಷ್ಟೇ, ಬೆಲ್ಲದ ಜೊತೆಗೆ, ಮನೆಮಂದಿಯೆಲ್ಲ ಒಟ್ಟಿಗೆ, ವರ್ಷಕ್ಕೊಮ್ಮೆ ತಪ್ಪದೆ ಸವಿಯಲಾಗುತ್ತದೆ.

ಭೃಗುವಲ್ಲಿಯ ಕಥೆ ಈ ಪ್ರಶ್ನೆಗೆ ಆಳವಾದ ಉತ್ತರ ಕೊಡುತ್ತದೆ. ಭೃಗು ತಂದೆ ವರುಣನ ಬಳಿ ಬಂದು ಬ್ರಹ್ಮವನ್ನು ತಿಳಿಸೆಂದು ಕೇಳುತ್ತಾನೆ. ತಂದೆ ಸಿದ್ಧ ಉತ್ತರ ಕೊಡದೆ, ತಪಸ್ಸಿನಿಂದ ತಿಳಿದುಕೋ ಎಂದು ಮರಳಿ ಮರಳಿ ಕಳಿಸುತ್ತಾನೆ. ಮಗ ಮೊದಲು ಅನ್ನವೇ ಬ್ರಹ್ಮವೆಂದು ಕಾಣುತ್ತಾನೆ. ಆಮೇಲೆ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಕೊನೆಗೆ ಆನಂದವನ್ನು ಮುಟ್ಟುತ್ತಾನೆ. ಅನ್ನವ್ರತಗಳು ಬರುವುದು ಈ ಕಥೆಯ ಮುಂದುವರಿಕೆಯಾಗಿ. ಅನ್ನದಿಂದ ಆನಂದದವರೆಗಿನ ದಾರಿಯನ್ನು ಮಗ ತಾನೇ ನಡೆದ. ತಂದೆ ದಿಕ್ಕು ತೋರಿಸಿ, ಪ್ರತಿ ಸಲವೂ ಬೇಸರಿಸದೆ ಕಾದ. ಉಣಿಸುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ.

ಹೊಣೆಯ ಹಂಚಿಕೆ

ಅಮೆರಿಕದ ಪೋಷಣತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಲ್ಲಿ ಈ ತತ್ತ್ವವನ್ನು ಮನೆಬಳಕೆಯ ನಿಯಮವಾಗಿ ರೂಪಿಸಿದರು. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹೆತ್ತವರ ನಿರ್ಧಾರ. ಉಣ್ಣಬೇಕೇ, ಎಷ್ಟು ಉಣ್ಣಬೇಕು ಎಂಬುದು ಮಗುವಿನ ನಿರ್ಧಾರ. ಕರ್ಮದಲ್ಲಷ್ಟೇ ಅಧಿಕಾರ, ಫಲದಲ್ಲಿ ಇಲ್ಲ ಎಂಬ ಗೀತೆಯ ಬೋಧನೆ ಅಡುಗೆಮನೆಗೆ ಇಳಿದರೆ ಹೀಗೆಯೇ ಕಾಣುತ್ತದೆ. ಬಡಿಸುವುದರಲ್ಲಿ ಅಹಂಕಾರ ಬೇಡವೆಂಬ ಶರಣರ ದಾಸೋಹ ತತ್ತ್ವವೂ ಇಲ್ಲಿ ಸಲ್ಲುತ್ತದೆ. ತಾನು ಮಾಡಿದ್ದನ್ನು ಮಗು ತಿನ್ನಲಿಲ್ಲವೆಂದು ಮುನಿಯುವ ಮನಸ್ಸು ಕೊಡುವುದರ ಜೊತೆಗೆ ಪಡೆಯುವುದರ ಲೆಕ್ಕವನ್ನೂ ಇಟ್ಟುಕೊಂಡಿರುತ್ತದೆ.

ಹಂಚಿಕೆಯ ಎರಡೂ ಬದಿ ಮುಖ್ಯವೆಂಬುದನ್ನು ಕ್ಲಾರಾ ಡೇವಿಸ್ ಎಂಬ ವೈದ್ಯೆಯ ಪ್ರಯೋಗ ತೋರಿಸಿತು. 1920ರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ಈ ಪ್ರಯೋಗದಲ್ಲಿ 15 ಶಿಶುಗಳ ಮುಂದೆ 34 ಬಗೆಯ ಸರಳ ಆಹಾರಗಳ ಪಟ್ಟಿಯಿಂದ ಬಡಿಸಿ, ಆಯ್ಕೆಯನ್ನು ಅವರಿಗೇ ಬಿಡಲಾಯಿತು. ದಾದಿಯರು ಸೂಚನೆಯನ್ನೂ ಕೊಡುವಂತಿರಲಿಲ್ಲ. ಒಬ್ಬೊಬ್ಬರ ಆಯ್ಕೆ ಒಂದೊಂದು ಬಗೆಯಾಗಿದ್ದರೂ ಮಕ್ಕಳೆಲ್ಲ ಚೆನ್ನಾಗಿ ಬೆಳೆದರು. ಪಟ್ಟಿಯಲ್ಲಿ ಸಕ್ಕರೆ, ಮೈದಾಗಳಂಥವು ಇಲ್ಲದ್ದೇ ಇದರ ಗುಟ್ಟೆಂದು ಡೇವಿಸ್ ಅವರೇ 1939ರಲ್ಲಿ ಹೇಳಿದರು. ಮಗುವಿಗೆ ಸ್ವಾತಂತ್ರ್ಯ ಕೊಡುವುದೆಂದರೆ ಹಿರಿಯರು ಹೊಣೆ ಕಳಚಿಕೊಂಡಂತಲ್ಲ.

ಮನೆಯ ಧಾರ್ಮಿಕ ಕಟ್ಟಳೆಗಳು ಈ ಹಂಚಿಕೆಯಲ್ಲಿ ಹಿರಿಯರ ಪಾಲಿಗೆ ಸೇರುತ್ತವೆ. ಬೆಳ್ಳುಳ್ಳಿ ಬಳಸದ ಮನೆ, ಮಾಂಸ ಬೇಯಿಸದ ಮನೆ ತನ್ನ ನಿಯಮದೊಳಗೇ ಹತ್ತಾರು ಹೊಸ ರುಚಿಗಳನ್ನು ಬಡಿಸಬಲ್ಲದು. ಕರ್ನಾಟಕದ ಶಾಲೆಗಳ ಮಧ್ಯಾಹ್ನದ ಊಟದ ಯೋಜನೆಗೆ ಅಕ್ಷರ ದಾಸೋಹ ಎಂಬ ಹೆಸರಿದೆ. ಅಲ್ಲಿ ಪೂರಕ ಆಹಾರವಾಗಿ ಮೊಟ್ಟೆ ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯಾಗಿದೆ. ಕಟ್ಟಳೆಯನ್ನೂ ಇಚ್ಛೆಯನ್ನೂ ಗೌರವಿಸುತ್ತಲೇ ಪೋಷಣೆ ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಆಚರಣೆಯ ಕ್ರಮ

ಈ ತತ್ತ್ವ ಮನೆಯಲ್ಲಿ ಆಚರಣೆಗೆ ಬರುವುದು ಸಣ್ಣ ಸಣ್ಣ ಹೆಜ್ಜೆಗಳಲ್ಲಿ. ಮೊದಲನೆಯದು ಸಹಪಂಕ್ತಿ. ಮಗುವನ್ನು ಪ್ರತ್ಯೇಕವಾಗಿ ಕೂರಿಸಿ ಉಣಿಸದೆ ಮನೆಯವರ ಜೊತೆಗೇ ಕೂರಿಸಿ, ಎಲ್ಲರೂ ಉಣ್ಣುವುದನ್ನೇ ಅದಕ್ಕೂ ಬಡಿಸಬೇಕು. ತಟ್ಟೆಯಲ್ಲಿ ಮಗು ಖಂಡಿತ ತಿನ್ನುವ ಒಂದು ಪದಾರ್ಥ ಇರಬೇಕು, ಅದರ ಪಕ್ಕದಲ್ಲಿ ಕಡಲೆಕಾಳಿನಷ್ಟು ಹೊಸದು. ಇಷ್ಟು ಚಿಕ್ಕದಾದರೆ ಉಳಿದರೂ ಅನ್ನ ಹಾಳಾಯಿತೆಂಬ ಸಂಕಟವಿಲ್ಲ. ಊಟ, ತಿಂಡಿಗಳಿಗೆ ನಿಗದಿತ ಹೊತ್ತಿರಬೇಕು. ನಡುನಡುವೆ ಬಿಸ್ಕತ್ತು, ಲೋಟಗಟ್ಟಲೆ ಹಾಲು ಕೊಟ್ಟರೆ ಹಸಿವು ಸಾಯುತ್ತದೆ. ಅರ್ಧ ಗಂಟೆಯಲ್ಲಿ ಊಟ ಮುಗಿಯಲಿ. ಉಳಿದದ್ದನ್ನು ಮಾತಿಲ್ಲದೆ ತೆಗೆದಿಡಬೇಕು.

ಎರಡನೆಯದು ಪುನರಾವರ್ತನೆ. ಒಂದು ತಿನಿಸು ಮಗುವಿಗೆ ಒಗ್ಗಲು ಹತ್ತು ಹದಿನೈದು ಸಲವಾದರೂ ಸವಿಯುವ ಅವಕಾಶ ಬೇಕಾಗಬಹುದೆಂದು ಅಧ್ಯಯನಗಳು ಹೇಳುತ್ತವೆ. ಸಂವೇದನೆಯ ತೊಂದರೆ ಇರುವ ಮಗುವಿಗೆ ಇನ್ನೂ ಹೆಚ್ಚು. ಎರಡು ಮೂರು ಸಲಕ್ಕೇ ಇದು ನಮ್ಮ ಮಗುವಿಗೆ ಇಷ್ಟವಿಲ್ಲ ಎಂದು ಷರಾ ಬರೆದು ಕೈಬಿಡುವುದು ಸಾಮಾನ್ಯ ತಪ್ಪು.

ಮೂರನೆಯದು ಮೆಟ್ಟಿಲು. ಮಗು ಹೊಸ ತಿನಿಸನ್ನು ಮೊದಲು ಒಂದೇ ಕೋಣೆಯಲ್ಲಿ ಸಹಿಸುತ್ತದೆ, ಆಮೇಲೆ ತಟ್ಟೆಯಲ್ಲಿ ಸಹಿಸುತ್ತದೆ. ಮುಟ್ಟುತ್ತದೆ, ಮೂಸುತ್ತದೆ, ತುಟಿಗೆ ಸೋಕಿಸುತ್ತದೆ, ನೆಕ್ಕುತ್ತದೆ, ಕಚ್ಚಿ ಉಗಿಯುತ್ತದೆ, ಕೊನೆಗೆ ಅಗಿದು ನುಂಗುತ್ತದೆ. ಉಗಿಯುವುದೂ ಒಂದು ಮೆಟ್ಟಿಲೇ ಆದ್ದರಿಂದ ಅದಕ್ಕೊಂದು ಬಟ್ಟಲು ಪಕ್ಕದಲ್ಲಿರಬೇಕು. ಅವರೆಕಾಯಿ ಸುಲಿಯುವುದು, ಸೊಪ್ಪು ಬಿಡಿಸುವುದು, ರೊಟ್ಟಿ ಹಿಟ್ಟನ್ನು ನಾದುವುದು ಕೈಗೂ ಮೂಗಿಗೂ ಪರಿಚಯ ಮಾಡಿಸುತ್ತವೆ.

ನಾಲ್ಕನೆಯದು ಪರಿಚಿತದಿಂದ ಅಪರಿಚಿತಕ್ಕೆ ಸಾಗುವುದು. ಅಹಿತವಾದ ರೂಢಿಯನ್ನು ಒಮ್ಮೆಲೇ ಬಿಡದೆ ಕಾಲುಭಾಗದ ಲೆಕ್ಕದಲ್ಲಿ ಬಿಡುತ್ತ, ಹಿತವಾದದ್ದನ್ನು ಅದೇ ಲೆಕ್ಕದಲ್ಲಿ ಹಿಡಿಯುವ ಪಾದಾಂಶ ಕ್ರಮವನ್ನು ಚರಕ ಸಂಹಿತೆ ಹೇಳಿದೆ. ಮೊಸರನ್ನ ಮಾತ್ರ ತಿನ್ನುವ ಮಗುವಿಗೆ ಮೊದಲು ಅದರಲ್ಲೇ ತುಸು ಸೌತೆಕಾಯಿ ತುರಿ, ನಂತರ ಕ್ಯಾರೆಟ್ ತುರಿ, ಮುಂದೆ ಮೊಸರುಬಜ್ಜಿ ಕೊಡಬಹುದು. ಅಕ್ಕಿ ದೋಸೆಯಿಂದ ಮೆಲ್ಲಗೆ ರಾಗಿ ದೋಸೆಗೆ ಸಾಗಬಹುದು. ಆದರೆ ಸೇರಿಸಿದ್ದನ್ನು ಮುಚ್ಚಿಡಬಾರದು. ನಂಬಿದ ಮೊಸರನ್ನದಲ್ಲೇ ಮೋಸ ಸಿಕ್ಕಿದರೆ ಮಗು ಅದನ್ನೂ ಬಿಡಬಹುದು. ಸತ್ಯವಂತಿಕೆ ಇಲ್ಲಿ ನೀತಿಯೂ ಹೌದು, ಉಪಾಯವೂ ಹೌದು.

ತಜ್ಞರ ನೆರವು ಬೇಕಾಗುವಾಗ

ಎಲ್ಲ ನಿರಾಕರಣೆಯೂ ತಾಳ್ಮೆಯಿಂದ ಮಾತ್ರ ಗುಣವಾಗುವಂಥದ್ದಲ್ಲ. ತೂಕ ಏರದಿರುವುದು ಅಥವಾ ಇಳಿಯುವುದು, ಉಣ್ಣುವಾಗ ಕೆಮ್ಮು, ಏದುಸಿರು, ಮತ್ತೆ ಮತ್ತೆ ವಾಂತಿ ಅಥವಾ ಎದೆಯ ಸೋಂಕು, ತಿನ್ನುವ ಪದಾರ್ಥಗಳ ಪಟ್ಟಿ ದಿನೇ ದಿನೇ ಕಿರಿದಾಗುವುದು, ಗಟ್ಟಿ ಆಹಾರವನ್ನು ಪೂರ್ತಿ ದೂರವಿಡುವುದು, ತಟ್ಟೆ ಕಂಡರೇ ಭಯಪಡುವುದು, ಇವುಗಳಲ್ಲಿ ಯಾವುದು ಕಂಡರೂ ಮಕ್ಕಳ ವೈದ್ಯರನ್ನು ಕಾಣಬೇಕು. ಅಗಿಯುವ, ನುಂಗುವ ತೊಂದರೆಗೆ ವಾಕ್ ಚಿಕಿತ್ಸಕರು, ಸಂವೇದನೆಯ ತೊಂದರೆಗೆ ಆಕ್ಯುಪೇಷನಲ್ ಥೆರಪಿಸ್ಟರು, ಕೊರತೆಗಳ ಲೆಕ್ಕಕ್ಕೆ ಪೋಷಣತಜ್ಞರು ನೆರವಾಗುತ್ತಾರೆ. ಇಂಥ ಮಗುವಿಗೆ ಹಸಿದಾಗ ತಾನೇ ತಿನ್ನುತ್ತದೆ ಎಂಬ ಸಮಾಧಾನ ಹೇಳುವುದು ಅಪಾಯ. ನೋವು ಅಥವಾ ಭಯ ಹಸಿವಿಗಿಂತ ದೊಡ್ಡದಾಗಿರಬಹುದು. ಚಿಕಿತ್ಸೆ ಕೊಡಿಸುವುದು ತಾಯಿಯ ಅಡುಗೆಗೋ ಮನೆಯ ಸಂಸ್ಕಾರಕ್ಕೋ ಅವಮಾನವಲ್ಲ. ಅದು ಅನ್ನದಾನದ್ದೇ ಒಂದು ಅಂಗ.

ಮೂರು ಪ್ರಶ್ನೆಗಳ ಉತ್ತರ ಈಗ ಸ್ಪಷ್ಟ. ಮಗುವಿನ ನಿರಾಕರಣೆ ಅಪಚಾರವಲ್ಲ. ಜೀವಾಪಾಯದ ಹೊರತು ಬಲವಂತಕ್ಕೆ ಧರ್ಮದ ಒಪ್ಪಿಗೆಯೂ ಇಲ್ಲ, ಅದಕ್ಕೆ ಫಲವೂ ಇಲ್ಲ. ರುಚಿಯನ್ನು ಹೇರಲಾಗದು, ಪರಿಚಯದಿಂದಲೂ ಸಹವಾಸದಿಂದಲೂ ಅದು ಬೆಳೆಯುತ್ತದೆ. ಮಗುವಿಗೆ ಉಣಿಸುವ ಪ್ರತಿಯೊಬ್ಬರೂ ತಮ್ಮ ಪಾಲಿನ ಧರ್ಮವನ್ನು ಪೂರ್ತಿಯಾಗಿ ಮಾಡಲಿ: ಒಳ್ಳೆಯದನ್ನು ಆರಿಸಿ, ಹೊತ್ತಿಗೆ ಸರಿಯಾಗಿ, ಜೊತೆಗೆ ಕುಳಿತು, ನಗುಮುಖದಿಂದ ಬಡಿಸಲಿ. ತುತ್ತು ಎತ್ತಿಕೊಳ್ಳುವ ಕೆಲಸವನ್ನು ಮಗುವಿಗೇ ಬಿಡಲಿ.